ಹರಳು, ಧೂಳು ಮತ್ತು ಒಂದು ತೂತು

ಗೌಟು ಹಿಡಿದ ಕಾಲಿನ ಹೆಬ್ಬೆರಳನ್ನು ನೋಡಿದ ಯಾರಿಗಾದರೂ ಅಲ್ಲಿ ಕೀವು ಕಟ್ಟಿದೆ ಎಂದೇ ಅನ್ನಿಸುತ್ತದೆ. ಕೆಂಪಗೆ ಊದಿಕೊಂಡಿರುತ್ತದೆ, ಮುಟ್ಟಿದರೆ ಬಿಸಿ, ಹೊದಿಕೆಯ ಅಂಚು ತಾಗಿದರೂ ಪ್ರಾಣ ಹೋಗುವಷ್ಟು ನೋವು. ಕೆಲವರಿಗೆ ಜ್ವರವೂ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ಕಣಗಳು ಏರಿರುತ್ತವೆ. ರೋಗಾಣು ಒಳನುಗ್ಗಿದಾಗ ದೇಹ ಏನೇನು ಮಾಡುತ್ತದೋ ಅಷ್ಟೂ ಇಲ್ಲಿ ನಡೆದಿದೆ. ರೋಗಾಣು ಮಾತ್ರ ಇಲ್ಲ. ಕೀಲಿನಿಂದ ಒಂದಿಷ್ಟು ದ್ರವ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಎರಡೂ ತುದಿ ಚೂಪಾದ ಪುಟ್ಟ ಹರಳುಗಳು. ಯೂರಿಕ್ ಆಮ್ಲದ ಉಪ್ಪು.

ಗೌಟಿಗೂ ಯೂರಿಕ್ ಆಮ್ಲಕ್ಕೂ ನಂಟಿದೆ ಎಂಬುದು 1848ರಷ್ಟು ಹಿಂದೆಯೇ ಗೊತ್ತಾಗಿತ್ತು. ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ರೋಗಿಗಳ ರಕ್ತದಲ್ಲಿ ಅದು ಹೆಚ್ಚಿರುವುದನ್ನು ತೋರಿಸಿದ್ದರು. ಬಹುಪಾಲು ಸಸ್ತನಿಗಳಲ್ಲಿ ಈ ಆಮ್ಲವನ್ನು ಒಡೆದುಹಾಕುವ ಒಂದು ಕಿಣ್ವ ಇರುತ್ತದೆ. ನಮ್ಮ ವಾನರ ಪೂರ್ವಜರು ಅದನ್ನು ಎಲ್ಲೋ ಕಳೆದುಕೊಂಡರು. ಹಾಗಾಗಿ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಕರಗುವ ಮಿತಿಯ ಹತ್ತಿರವೇ ಸುಳಿಯುತ್ತಿರುತ್ತದೆ. ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಹರಳುಗಟ್ಟಲು ಶುರು. ದೇಹದ ತಣ್ಣನೆಯ ತುದಿಗಳಲ್ಲಿ, ಅಂದರೆ ಕಾಲ್ಬೆರಳಲ್ಲಿ, ಅದು ಇನ್ನೂ ಸುಲಭ. 1961ರಲ್ಲಿ ಫಿಲಡೆಲ್ಫಿಯದ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲೆಂಡರ್ ಧ್ರುವೀಕೃತ ಬೆಳಕಿನಲ್ಲಿ ಕೀಲಿನ ದ್ರವವನ್ನು ನೋಡಿ ಈ ಹರಳುಗಳನ್ನು ಗುರುತಿಸಿದರು. ಆದರೆ ಹರಳು ರೋಗದ ಕಾರಣವೋ, ರೋಗದ ಕಸವೋ? ಮೆಕಾರ್ಟಿ ಮತ್ತು ಅವರ ಸಹೋದ್ಯೋಗಿ ಫೇರ್ಸ್ ಇದನ್ನು ಇತ್ಯರ್ಥ ಮಾಡಿದ ಬಗೆ ಇಂದಿನ ಯಾವ ನೈತಿಕ ಸಮಿತಿಯ ಮುಂದೆಯೂ ನಿಲ್ಲಲಾರದು. ಮೊದಲು ನಾಯಿಗಳ ಕೀಲಿಗೆ, ಆಮೇಲೆ ತಮ್ಮ ತಮ್ಮ ಮಂಡಿಗೇ ಹರಳುಗಳನ್ನು ಚುಚ್ಚಿಕೊಂಡರು. ಕೆಲವೇ ಗಂಟೆಗಳಲ್ಲಿ ಇಬ್ಬರ ಮಂಡಿಯೂ ಊದಿತು. 1962ರಲ್ಲಿ ಅದು ಪ್ರಬಂಧವಾಗಿ ಅಚ್ಚಾಯಿತು.

ಹರಳೇ ಕಾರಣ ಎಂದು ಗೊತ್ತಾಯಿತು, ಸರಿ. ಆದರೆ ಜೀವವಿಲ್ಲದ, ವಿಷವೂ ಅಲ್ಲದ, ನಮ್ಮದೇ ಮೈಯಲ್ಲಿ ಹುಟ್ಟಿದ ಒಂದು ಚೂರು ಉಪ್ಪನ್ನು ಕಂಡು ದೇಹ ಯುದ್ಧಕ್ಕೆ ನಿಲ್ಲುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2006ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಉತ್ತರ ಕೊಟ್ಟ ಯುರ್ಗ್ ಚೊಪ್ ಕೀಲುರೋಗದ ತಜ್ಞರಾಗಿರಲಿಲ್ಲ. ಅವರು ಜೀವರಸಾಯನ ವಿಜ್ಞಾನಿ. ಅವರ ಕಸುಬೇ ಕೋಶವನ್ನು ಒಡೆದು, ರಸ ತೆಗೆದು, ಅದರಲ್ಲಿ ಯಾವ ಪ್ರೋಟೀನು ಯಾವುದನ್ನು ಹಿಡಿದುಕೊಂಡಿದೆ ಎಂದು ಹುಡುಕುವುದು. ಉರಿಯೂತದ ಬಗ್ಗೆ ವೈದ್ಯರು, ರೋಗಶಾಸ್ತ್ರಜ್ಞರು, ರೋಗನಿರೋಧ ತಜ್ಞರು ಒಂದು ಶತಮಾನ ಬರೆದಿದ್ದರು. ಅದಕ್ಕೆ ಬೇಕಾಗಿದ್ದದ್ದು ಇಂಥ ಒಬ್ಬ ಹಟಮಾರಿ ಕಸುಬುದಾರ ಎಂಬುದು ನನ್ನ ಅಭಿಪ್ರಾಯ.

ಚೊಪ್ ಹುಟ್ಟಿದ್ದು 1951ರಲ್ಲಿ. ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ಕ್ಯಾಲಿಫೋರ್ನಿಯದ ಲಾ ಹೋಯದಲ್ಲಿರುವ ಸ್ಕ್ರಿಪ್ಸ್ ಸಂಸ್ಥೆಗೆ ಹೋದರು. ಅಲ್ಲಿ ಹಾನ್ಸ್ ಮ್ಯುಲರ್-ಎಬರ್‌ಹಾರ್ಡ್ ಎಂಬ ಹಿರಿಯರು ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ದಂಡನ್ನು ಒಂದೊಂದಾಗಿ ಬಿಡಿಸಿಡುತ್ತಿದ್ದರು. ಇವು ನಮ್ಮ ರಕ್ತದಲ್ಲಿ ಸದಾ ತೇಲುತ್ತಿರುತ್ತವೆ, ಬ್ಯಾಕ್ಟೀರಿಯ ಸಿಕ್ಕರೆ ಒಂದರ ಮೇಲೊಂದು ಬಂದು ಕೂರುತ್ತವೆ. ಕೊನೆಗೆ ಬರುವುದು ಸಿ9. ನೀರಿನಲ್ಲಿ ಸುಮ್ಮನೆ ಕರಗಿಕೊಂಡಿರುವ ಸಾಧು ಪ್ರೋಟೀನು ಇದು. ಚೊಪ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದ್ದು ಏನೆಂದರೆ, ಇದೇ ಸಿ9ರ ಹಲವು ಪ್ರತಿಗಳು ಒಂದಕ್ಕೊಂದು ತೆಕ್ಕೆಬಿದ್ದು ಬಳೆಯಾಗುತ್ತವೆ, ಆ ಬಳೆ ಕೋಶದ ಪೊರೆಯಲ್ಲಿ ಹೂತುಕೊಂಡು ಕೊಳವೆಯಾಗುತ್ತದೆ. ಒಳಗಿನ ಅಗಲ ಸುಮಾರು 10 ನ್ಯಾನೋಮೀಟರ್. ಅಷ್ಟು ಸಾಕು, ಹೊರಗಿನ ನೀರು ಒಳನುಗ್ಗಿ ಬ್ಯಾಕ್ಟೀರಿಯ ಒಡೆದುಹೋಗುತ್ತದೆ.

ಪೊರೆಯಲ್ಲಿ ತೂತು ಕೊರೆಯುವ ಈ ವಿದ್ಯೆ ಚೊಪ್ ಅವರನ್ನು ಬಿಡಲಿಲ್ಲ. ಸ್ವಿಟ್ಜರ್ಲೆಂಡಿಗೆ ಮರಳಿ ಲೊಸಾನ್ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ ಸೇರಿದರು. ಊರಿನ ಮೇಲ್ಗಡೆ, ಎಪಾಲಿಂಜ್ ಎಂಬ ಗುಡ್ಡದ ಬಡಾವಣೆಯಲ್ಲಿ ಅವರ ಪ್ರಯೋಗಾಲಯ. ಅಲ್ಲಿ ಕೈಗೆತ್ತಿಕೊಂಡದ್ದು ಹಂತಕ ಟಿ-ಕೋಶಗಳನ್ನು. ವೈರಸ್ ಹೊಕ್ಕ ಕೋಶವನ್ನು ಇವು ಮುಟ್ಟಿದರೆ ಸಾಕು, ಅದು ಸಾಯುತ್ತದೆ. ಹೇಗೆ ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. ಟಿ-ಕೋಶದ ಒಳಗಿನ ಕಾಳುಗಳಂಥ ಚೀಲಗಳನ್ನು ಬೇರ್ಪಡಿಸಿ, 1985ರಲ್ಲಿ ಅವರ ಗುಂಪು ಪರ್ಫೊರಿನ್ ಎಂಬ ಪ್ರೋಟೀನನ್ನು ಶುದ್ಧ ಮಾಡಿತು. ಅಮೆರಿಕದಲ್ಲಿ ಎಕಾರ್ಡ್ ಪೊಡಾಕ್ ಅವರೂ ಅದೇ ಹೊತ್ತಿಗೆ ಅಲ್ಲಿಗೇ ತಲುಪಿದ್ದರು. ಪರ್ಫೊರಿನ್ ಸಿ9ರ ಹತ್ತಿರದ ನೆಂಟ, ಅದೂ ಬಳೆಯಾಗಿ ಪೊರೆಯನ್ನು ಕೊರೆಯುತ್ತದೆ. ಅದೇ ಚೀಲಗಳಿಂದ ಗ್ರಾನ್‌ಜೈಮ್‌ಗಳು ಎಂಬ ಕತ್ತರಿಸುವ ಕಿಣ್ವಗಳ ಕುಟುಂಬವೂ ಹೊರಬಂತು. ತೂತಿನ ಮೂಲಕ ಕಿಣ್ವ ಒಳಸೇರುತ್ತದೆ, ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಆಜ್ಞೆ ಹೊರಡುತ್ತದೆ.

ಮುಂದಿನ ಹಲವು ವರ್ಷ ಕೋಶದ ಸಾವಿನ ಸುತ್ತಲೇ ಕಳೆಯಿತು. ಆ ಅವಧಿಯ ಕೆಲಸವನ್ನು ವಿವರಿಸಲು ಇನ್ನೊಂದು ಅಧ್ಯಾಯವೇ ಬೇಕು. ಸಾವಿನ ಆಜ್ಞೆಯನ್ನು ತಡೆಯುವ ಫ್ಲಿಪ್ ಎಂಬ ಪ್ರೋಟೀನು 1997ರಲ್ಲಿ, ಏಪ್ರಿಲ್ ಎಂಬುದು 1998ರಲ್ಲಿ, ಬ್ಯಾಫ್ ಎಂಬುದು 1999ರಲ್ಲಿ ಅವರ ಪ್ರಯೋಗಾಲಯದಿಂದ ಬಂದವು. ಬ್ಯಾಫ್ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ಜ್ವರದ ಕಡೆ ತಿರುಗೋಣ. ಬಿಳಿ ರಕ್ತಕಣಗಳು ಸ್ರವಿಸುವ ಯಾವುದೋ ವಸ್ತು ಮಿದುಳಿಗೆ ಹೋಗಿ ಮೈ ಬಿಸಿಮಾಡುತ್ತದೆ ಎಂಬ ಅನುಮಾನ ಹಳೆಯದು. ಅಮೆರಿಕದ ಚಾರ್ಲ್ಸ್ ಡಿನರೆಲೊ ವರ್ಷಗಟ್ಟಲೆ ಬಿಳಿ ಕಣಗಳನ್ನು ಸೋಸಿ 1977ರಲ್ಲಿ ಅದನ್ನು ಶುದ್ಧ ಮಾಡಿದರು. ಕೆಲವೇ ನ್ಯಾನೋಗ್ರಾಂ ಕೊಟ್ಟರೂ ಜ್ವರ ಬರಿಸುವ ಈ ಪ್ರೋಟೀನಿಗೆ ಆಮೇಲೆ ಇಂಟರ್‌ಲ್ಯೂಕಿನ್-1 ಎಂಬ ಹೆಸರು ನಿಂತಿತು. ಅದರ ಬೀಟಾ ರೂಪಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಕೋಶ ಅದನ್ನು ತಯಾರಿಸಿದ ಕೂಡಲೇ ಹೊರಗೆ ಬಿಡುವುದಿಲ್ಲ. 31 ಕಿಲೋಡಾಲ್ಟನ್ ತೂಕದ ಒಂದು ನಿಷ್ಕ್ರಿಯ ರೂಪದಲ್ಲಿ ಒಳಗೇ ಕೂಡಿಟ್ಟುಕೊಳ್ಳುತ್ತದೆ. ಯಾರೋ ಬಂದು ಅದನ್ನು 17 ಕಿಲೋಡಾಲ್ಟನ್ನಿಗೆ ಕತ್ತರಿಸಿದರೆ ಮಾತ್ರ ಅದು ಬೆಂಕಿಯಾಗುತ್ತದೆ. ಕತ್ತರಿಸುವ ಕಿಣ್ವ, ಇಂದು ನಾವು ಕ್ಯಾಸ್ಪೇಸ್-1 ಎನ್ನುವುದು, 1992ರಲ್ಲಿ ಸಿಕ್ಕಿತು. ಆದರೆ ಆ ಕತ್ತರಿಯೂ ಮುಚ್ಚಿಟ್ಟ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ತೆರೆಯುವವರು ಯಾರು? ಮುಂದಿನ ಹತ್ತು ವರ್ಷ ಇದಕ್ಕೆ ಉತ್ತರ ಇರಲಿಲ್ಲ. ಇನ್ನೊಂದು ಒಗಟೂ ಜೊತೆಗಿತ್ತು. ಕೋಶದಿಂದ ಹೊರಹೋಗುವ ಪ್ರೋಟೀನುಗಳ ಮುಂತುದಿಯಲ್ಲಿ ಒಂದು ರಹದಾರಿ ಇರುತ್ತದೆ; ಇಂಟರ್‌ಲ್ಯೂಕಿನ್-1 ಬೀಟಾಕ್ಕೆ ಅದಿಲ್ಲ. ಆದರೂ ಅದು ಹೊರಬರುತ್ತದೆ. ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಪುಸ್ತಕಗಳು ನುಣುಚಿಕೊಳ್ಳುತ್ತಿದ್ದವು.

ಚೊಪ್ ಅವರ ಪ್ರಯೋಗಾಲಯದಲ್ಲಿ ಫಾಬಿಯೊ ಮಾರ್ತಿನೊ ಎಂಬ ಯುವ ಸಂಶೋಧಕ ಪಿರಿನ್ ಎಂಬ ಪ್ರೋಟೀನು ತುಣುಕಿನ ಬೆನ್ನು ಹತ್ತಿದ್ದರು. ಕೋಶದ ಸಾವನ್ನು ನಡೆಸುವ ಪ್ರೋಟೀನುಗಳಲ್ಲಿ ಒಂದನ್ನೊಂದು ಹಿಡಿದುಕೊಳ್ಳುವ ಕೊಂಡಿಗಳಿರುತ್ತವೆ. ಪಿರಿನ್ ಅದೇ ಜಾತಿಯ ಕೊಂಡಿ ಇರಬಹುದೆಂದು ಅವರು 2001ರಲ್ಲಿ ಬರೆದರು. ಒಂದು ತುದಿಯಲ್ಲಿ ಪಿರಿನ್, ಇನ್ನೊಂದು ತುದಿಯಲ್ಲಿ ಕ್ಯಾಸ್ಪೇಸನ್ನು ಹಿಡಿಯುವ ಕೊಂಡಿ ಇರುವ ಎಎಸ್‌ಸಿ ಎಂಬ ಪುಟ್ಟ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲೇ ಗುರುತಿಸಿದ್ದರು. ಸಾಯುತ್ತಿರುವ ಕೋಶಗಳಲ್ಲಿ ಅದು ಒಂದು ಚುಕ್ಕೆಯಾಗಿ ಒಟ್ಟುಗೂಡುತ್ತಿತ್ತು, ಯಾಕೆಂದು ತಿಳಿದಿರಲಿಲ್ಲ. ಚೊಪ್ ಗುಂಪು ಇವುಗಳನ್ನು ಒಟ್ಟಿಗೆ ಇಟ್ಟು ನೋಡಿತು.

ಆ ಪ್ರಯೋಗದ ಸರಳತೆ ಇವತ್ತಿಗೂ ಖುಷಿ ಕೊಡುತ್ತದೆ. ಮನುಷ್ಯನ ಬಿಳಿ ಕಣಗಳ ಒಂದು ತಳಿಯನ್ನು ಬೆಳೆಸಿ, ಉಪ್ಪಿನಂಶ ಕಡಿಮೆಯಿರುವ ದ್ರವದಲ್ಲಿ ಒಡೆದು, ರಸವನ್ನು ಮಂಜುಗಡ್ಡೆಯ ಮೇಲಿಟ್ಟರು. ಏನೂ ಆಗಲಿಲ್ಲ. ಅದೇ ರಸವನ್ನು 30 ಡಿಗ್ರಿಗೆ ತಂದಾಗ ಕ್ಯಾಸ್ಪೇಸ್-1 ತಾನಾಗಿಯೇ ತೆರೆದುಕೊಂಡು ಇಂಟರ್‌ಲ್ಯೂಕಿನ್ನನ್ನು ಕತ್ತರಿಸತೊಡಗಿತು. ಅಂದರೆ ತೆರೆಯುವವರು ಆ ರಸದಲ್ಲೇ ಇದ್ದಾರೆ. ಜರಡಿಯಂಥ ಸ್ತಂಭದಲ್ಲಿ ಹಾಯಿಸಿ ಗಾತ್ರ ಅಳೆದಾಗ, ಬಿಡಿಬಿಡಿಯಾಗಿದ್ದ ಪ್ರೋಟೀನುಗಳು 700 ಕಿಲೋಡಾಲ್ಟನ್ನಿನಷ್ಟು ದೊಡ್ಡ ಗಂಟಾಗಿ ಬಂದವು. ಪ್ರತಿಕಾಯ ಬಳಸಿ ಎಎಸ್‌ಸಿಯನ್ನು ರಸದಿಂದ ಹೆಕ್ಕಿ ತೆಗೆದರೆ ಕೆಲಸ ನಿಂತುಹೋಯಿತು. ಒಂದು ಸಂವೇದಕ, ನಡುವೆ ಎಎಸ್‌ಸಿ, ಕೊನೆಗೆ ಕ್ಯಾಸ್ಪೇಸ್: ಮೂರೂ ಜಮಾಯಿಸಿದರೆ ಯಂತ್ರ ಸಿದ್ಧ. ಮಾರ್ತಿನೊ, ಕಿಂಬರ್ಲಿ ಬರ್ನ್ಸ್ ಮತ್ತು ಚೊಪ್ 2002ರ ಆಗಸ್ಟ್‌ನಲ್ಲಿ ‘ಮಾಲಿಕ್ಯುಲರ್ ಸೆಲ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿ ಇನ್‌ಫ್ಲಮಸೋಮ್ ಎಂದು ಹೆಸರಿಟ್ಟರು. ಇವತ್ತು ಆ ಹೆಸರಿನಲ್ಲಿ ಸಾವಿರಾರು ಪ್ರಬಂಧಗಳಿವೆ, ಕಂಪನಿಗಳೂ ಹುಟ್ಟಿಕೊಂಡಿವೆ.

ಪ್ರನಾಳದಲ್ಲಿ ಸಿಕ್ಕ ಯಂತ್ರ ಮನುಷ್ಯರ ಮೈಯಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆಯೇ? ಪುರಾವೆ ಅಪರೂಪದ ಕೆಲವು ಕುಟುಂಬಗಳಿಂದ ಬಂತು. ತಣ್ಣನೆ ಗಾಳಿ ಸೋಕಿದರೆ ಸಾಕು, ಮೈತುಂಬ ದದ್ದು, ಜ್ವರ, ಕೀಲುನೋವು. ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಇದರ ಇನ್ನೊಂದು ರೂಪವಾದ ಮಕಲ್-ವೆಲ್ಸ್ ಕಾಯಿಲೆಯನ್ನು 1962ರಲ್ಲಿ ಇಂಗ್ಲೆಂಡಿನಲ್ಲಿ ವಿವರಿಸಲಾಗಿತ್ತು. ಅದರಲ್ಲಿ ಕಿವಿಯೂ ಕೆಡುತ್ತದೆ, ಮೂತ್ರಪಿಂಡವೂ. 2001ರಲ್ಲಿ ಸ್ಯಾನ್ ಡಿಯಾಗೊದ ಹ್ಯಾಲ್ ಹಾಫ್‌ಮನ್ ಈ ಎರಡೂ ಕಾಯಿಲೆಗಳ ಮೂಲ ಒಂದೇ ಜೀನಿನ ದೋಷ ಎಂದು ಪತ್ತೆಮಾಡಿದರು. ಆ ಜೀನು ಬರೆಯುವ ಪ್ರೋಟೀನಿನ ತುದಿಯಲ್ಲಿ ಪಿರಿನ್ ಕೊಂಡಿ ಇತ್ತು. ಅದರ ಇಂದಿನ ಹೆಸರು ಎನ್‌ಎಲ್‌ಆರ್‌ಪಿ3. ಆಗ ಅದಕ್ಕೆ ಕನಿಷ್ಠ ನಾಲ್ಕು ಹೆಸರುಗಳಿದ್ದವು, ಪ್ರತಿ ಪ್ರಯೋಗಾಲಯಕ್ಕೂ ಅದರದೇ ಒಂದು. 2004ರಲ್ಲಿ ಲೊಸಾನ್ ಗುಂಪು ತೋರಿಸಿದ್ದು: ಎನ್‌ಎಲ್‌ಆರ್‌ಪಿ3 ಕೂಡ ಇನ್‌ಫ್ಲಮಸೋಮ್ ಕಟ್ಟುತ್ತದೆ, ಮಕಲ್-ವೆಲ್ಸ್ ರೋಗಿಯ ಭಕ್ಷಕಕೋಶಗಳಲ್ಲಿ (ಹೊರಗಿನ ಕಣಗಳನ್ನು ನುಂಗುವ ಬಿಳಿ ಕಣಗಳಲ್ಲಿ) ಆ ಯಂತ್ರ ಯಾವ ಪ್ರಚೋದನೆಯೂ ಇಲ್ಲದೆ ಓಡುತ್ತಲೇ ಇರುತ್ತದೆ. ಇದಕ್ಕೆ ಒಂದು ವರ್ಷ ಮುಂಚೆ ಲಂಡನ್ನಿನ ವೈದ್ಯರು ಇಂಥ ರೋಗಿಗಳಿಗೆ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಾಕಿನ್ರ ಎಂಬ ಚುಚ್ಚುಮದ್ದು ಕೊಟ್ಟಿದ್ದರು. ಇಡೀ ಬದುಕು ಕಾಡಿದ ಲಕ್ಷಣಗಳು ಕೆಲವೇ ಗಂಟೆಗಳಲ್ಲಿ ಮಾಯವಾದವು. ವೈದ್ಯಕೀಯದಲ್ಲಿ ಇಷ್ಟು ನಿಚ್ಚಳವಾದ ಫಲಿತಾಂಶ ಬಹಳ ಸಿಗುವುದಿಲ್ಲ.

ಹಾಗಾದರೆ ಆರೋಗ್ಯವಂತರಲ್ಲಿ ಎನ್‌ಎಲ್‌ಆರ್‌ಪಿ3ಯನ್ನು ಎಬ್ಬಿಸುವುದು ಯಾವುದು? 2006ರ ಮಾರ್ಚ್‌ನಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದಕ್ಕೆ ಮೂರು ಉತ್ತರಗಳು ಅಚ್ಚಾದವು. ಅಮೆರಿಕದ ವಿಶ್ವ ದೀಕ್ಷಿತ್ ಅವರ ಗುಂಪು ಬ್ಯಾಕ್ಟೀರಿಯದ ವಿಷ ಮತ್ತು ಕೋಶದ ಶಕ್ತಿಯ ಅಣುವಾದ ಎಟಿಪಿಯ ಹೆಸರು ಹೇಳಿತು. ಹೈದರಾಬಾದಿನಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ತಿರುಮಲಾದೇವಿ ಕನ್ನೆಗಂಟಿ ಮತ್ತು ಸಂಗಡಿಗರು ಬ್ಯಾಕ್ಟೀರಿಯದ ಆರ್‌ಎನ್‌ಎ ಎಂದರು. ಮಾರ್ತಿನೊ, ವಿರ್ಜಿನಿ ಪೆಟ್ರಿಲಿ ಮತ್ತು ಚೊಪ್ ಅವರ ಉತ್ತರ ಬೇರೆಯೇ: ಗೌಟಿನ ಹರಳು.

ಭಕ್ಷಕಕೋಶಗಳಿಗೆ ಯೂರಿಕ್ ಆಮ್ಲದ ಹರಳು ಉಣಿಸಿದರೆ ಅವು ಇಂಟರ್‌ಲ್ಯೂಕಿನ್-1 ಬೀಟಾ ಕಾರುತ್ತಿದ್ದವು. ಎನ್‌ಎಲ್‌ಆರ್‌ಪಿ3, ಎಎಸ್‌ಸಿ, ಕ್ಯಾಸ್ಪೇಸ್-1, ಈ ಮೂರರಲ್ಲಿ ಯಾವುದಾದರೂ ಒಂದು ಇಲ್ಲದ ಇಲಿಗಳ ಕೋಶಗಳು ಹರಳನ್ನು ನುಂಗಿಯೂ ತೆಪ್ಪಗಿದ್ದವು. ಗೌಟಿನ ಹಳೆಯ ಮದ್ದಾದ ಕಾಲ್ಚಿಸಿನ್ ಹಾಕಿದರೆ ಹರಳಿನ ಪ್ರಭಾವ ನಿಲ್ಲುತ್ತಿತ್ತು. ಕೋಶ ಹರಳನ್ನು ಒಳಗೆಳೆದುಕೊಳ್ಳುವಾಗ ಬಳಸುವ ಸೂಕ್ಷ್ಮನಾಳಗಳನ್ನು ಕಾಲ್ಚಿಸಿನ್ ಕೆಡಿಸುತ್ತದೆ ಎನ್ನುವುದಕ್ಕೆ ಇದು ಹೊಂದುತ್ತಿತ್ತು. ಹೀಗೆ ಮೆಕಾರ್ಟಿಯವರ ಮಂಡಿಯೊಳಗೆ ಏನಾಗಿತ್ತೆಂದು ನಾಲ್ಕು ದಶಕಗಳ ನಂತರ ಅಣುಮಟ್ಟದಲ್ಲಿ ತಿಳಿಯಿತು. ಪ್ರಯೋಗಾಲಯದಿಂದ ಆಸ್ಪತ್ರೆಗೆ ದಾರಿ ಲೊಸಾನಿನಲ್ಲಿ ದೂರವಿರಲಿಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆಯ ಕೀಲುರೋಗ ತಜ್ಞ ಅಲೆಕ್ಸಾಂಡರ್ ಸೋ, ಮಾಮೂಲಿ ಔಷಧ ಒಗ್ಗದ ಅಥವಾ ಫಲಿಸದ 10 ಮಂದಿ ಗೌಟು ರೋಗಿಗಳಿಗೆ ಅನಾಕಿನ್ರ ಕೊಟ್ಟರು. ಹತ್ತೂ ಜನಕ್ಕೆ ಬೇಗನೆ ಗುಣ ಕಂಡಿತು. 2007ರಲ್ಲಿ ವರದಿ ಬಂತು. ಹತ್ತೇ ಜನ, ಹೋಲಿಸಲು ಇನ್ನೊಂದು ಗುಂಪೂ ಇಲ್ಲ. ಆದರೂ ಊಹೆ ಸರಿಯಾದ ದಿಕ್ಕಿನಲ್ಲಿದೆ ಎನ್ನಲು ಅದು ಸಾಕಾಗಿತ್ತು.

ಹರಳಿನಿಂದ ಧೂಳಿಗೆ ಒಂದೇ ಹೆಜ್ಜೆ. 2008ರಲ್ಲಿ ಚೊಪ್ ಗುಂಪು ‘ಸೈನ್ಸ್’ ಪತ್ರಿಕೆಯಲ್ಲಿ ಕಲ್ನಾರು ಮತ್ತು ಸಿಲಿಕಾ ಎರಡೂ ಇದೇ ಎನ್‌ಎಲ್‌ಆರ್‌ಪಿ3ಯನ್ನು ಕೆರಳಿಸುತ್ತವೆ ಎಂದು ವರದಿ ಮಾಡಿತು. ಕರ್ನಾಟಕದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ಕೋಲಾರ ಚಿನ್ನದ ಗಣಿಯಿಂದ, 1934ರಲ್ಲಿ. ಮೂರು ಕಿಲೋಮೀಟರಿಗೂ ಆಳ ಇಳಿದ ಆ ಗಣಿಗಳಲ್ಲಿ ಚಿನ್ನ ಅಡಗಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬಂಡೆ ಕೊರೆದಾಗ ಏಳುವ ಕಣ್ಣಿಗೆ ಕಾಣದ ಧೂಳೇ ಸಿಲಿಕಾ. ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ತಪಾಸಣೆಗೆ ಒಳಗಾದ ಸಾವಿರಾರು ಕಾರ್ಮಿಕರಲ್ಲಿ ಹತ್ತಕ್ಕೆ ನಾಲ್ವರಿಗೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ರೋಗ ಕಂಡಿತು. ಗಣಿ 2001ರಲ್ಲಿ ಮುಚ್ಚಿತು. ಸಿಲಿಕೋಸಿಸ್ ಮುಚ್ಚಲಿಲ್ಲ. ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡುಗಳು ಇರುವ ಕಡೆಯೆಲ್ಲ ಆ ಅಪಾಯ ಇದ್ದೇ ಇದೆ.

ಧೂಳು ತಿಂದ ಶ್ವಾಸಕೋಶ ಕಲ್ಲಾಗುತ್ತದೆ ಎಂದು ಜನ ಹೇಳುತ್ತಿದ್ದರು. ನಿಜಕ್ಕೂ ನಡೆಯುವುದು ಇನ್ನೂ ಕ್ರೂರ. ಶ್ವಾಸಕೋಶದ ಭಕ್ಷಕಕೋಶ ಸಿಲಿಕಾ ಕಣವನ್ನು ನುಂಗುತ್ತದೆ. ಜೀರ್ಣಿಸಲು ಆಗುವುದಿಲ್ಲ. ಅದರ ಜೀರ್ಣಚೀಲವಾದ ಲೈಸೊಸೋಮ್ ಒಡೆಯುತ್ತದೆ, ಒಳಗಿನ ಕಿಣ್ವಗಳು ಕೋಶರಸಕ್ಕೆ ಚೆಲ್ಲುತ್ತವೆ. ಇಷ್ಟನ್ನು ಆಂಟನಿ ಆಲಿಸನ್ 1966ರಲ್ಲೇ ತೋರಿಸಿದ್ದರು. (ಕುಡುಗೋಲು ರಕ್ತಕಣ ಇದ್ದವರಿಗೆ ಮಲೇರಿಯದಿಂದ ರಕ್ಷಣೆ ಸಿಗುತ್ತದೆಂದು ಕಂಡುಹಿಡಿದ ಅದೇ ಆಲಿಸನ್.) ಅಲ್ಲಿಂದ ಮುಂದಿನದು ಈಗ ಗೊತ್ತಾಯಿತು: ಇನ್‌ಫ್ಲಮಸೋಮ್ ಎದ್ದು ಕೂರುತ್ತದೆ, ಉರಿಯೂತದ ಕೂಗು ಹೊರಡುತ್ತದೆ, ಕೋಶ ಸಾಯುತ್ತದೆ, ನುಂಗಿದ ಕಣ ಹೊರಬೀಳುತ್ತದೆ. ಅದನ್ನು ಇನ್ನೊಂದು ಕೋಶ ನುಂಗುತ್ತದೆ. ಸಿಲಿಕಾ ಕರಗುವುದಿಲ್ಲ, ಹಾಗಾಗಿ ಈ ಸುತ್ತಿಗೆ ಕೊನೆಯಿಲ್ಲ. ಧೂಳಿನ ಕೆಲಸ ಬಿಟ್ಟು ವರ್ಷಗಳಾದ ಮೇಲೂ ರೋಗ ಬೆಳೆಯುವುದು ಇದರಿಂದಲೇ.

ಈ ಹೊತ್ತಿಗೆ ಪಟ್ಟಿ ವಿಪರೀತ ಉದ್ದವಾಗಿತ್ತು. ಯೂರಿಕ್ ಆಮ್ಲ, ಸಿಲಿಕಾ, ಕಲ್ನಾರು, ಎಟಿಪಿ, ಬ್ಯಾಕ್ಟೀರಿಯದ ವಿಷ, ಲಸಿಕೆಗಳಲ್ಲಿ ಬೆರೆಸುವ ಅಲ್ಯುಮಿನಿಯಂ ಲವಣ. ಆಕಾರದಲ್ಲಾಗಲಿ ರಸಾಯನದಲ್ಲಾಗಲಿ ಒಂದಕ್ಕೊಂದು ತಾಳೆಯಿಲ್ಲ. ಒಂದು ಪ್ರೋಟೀನಿನ ಮೈಮೇಲೆ ಇಷ್ಟೆಲ್ಲ ವಸ್ತುಗಳನ್ನು ಹಿಡಿಯುವ ಜಾಗ ಇರುವುದು ಸಾಧ್ಯವೇ ಇಲ್ಲ. ಚೊಪ್ ಅವರ ಕೊನೆಯ ಐದು ವರ್ಷಗಳ ಕೆಲಸ ಈ ಇಕ್ಕಟ್ಟಿನಿಂದಲೇ ಹುಟ್ಟಿತು, ಅವರ ವೃತ್ತಿಯ ಅತ್ಯಂತ ಸ್ವಾರಸ್ಯದ ಭಾಗವೂ ಅದೇ ಎಂದು ನಾನು ಹೇಳುತ್ತೇನೆ.

ಹಟ್ಟಿಯಲ್ಲಿ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು ಅನ್ನಿ. ಹಾವು ಮುಟ್ಟಿತೋ, ವಿಷದ ಸೊಪ್ಪು ತಿಂದಿತೋ, ಜ್ವರವೋ, ಹಸುವನ್ನು ನೋಡಿಕೊಳ್ಳುವವರಿಗೆ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಮೆಲುಕು ನಿಂತಿದೆ, ಏನೋ ಕೆಟ್ಟಿದೆ, ಅಷ್ಟೇ. ಡಾಕ್ಟರನ್ನು ಕರೆಯಲು ಅದು ಸಾಕು. ಎನ್‌ಎಲ್‌ಆರ್‌ಪಿ3 ಮಾಡುವುದೂ ಇದನ್ನೇ. ಬಂದವನು ಯಾರೆಂದು ಅದು ನೋಡುವುದಿಲ್ಲ. ತಾನಿರುವ ಕೋಶಕ್ಕೆ ಕಷ್ಟ ಬಂದಿದೆಯೇ ಎಂದು ನೋಡುತ್ತದೆ.

ಆ ಕಷ್ಟದ ಗುರುತು ಯಾವುದು? ಒಂದು ಸುಳಿವು 2002ರ ಪ್ರನಾಳದಲ್ಲೇ ಇತ್ತು, ಆಗ ಯಾರೂ ಗಮನಿಸಿರಲಿಲ್ಲ. ಆರೋಗ್ಯವಂತ ಕೋಶದೊಳಗೆ ಪೊಟ್ಯಾಸಿಯಂ ದಟ್ಟವಾಗಿರುತ್ತದೆ, ಸುಮಾರು 140 ಮಿಲಿಮೋಲಾರ್. ಪೊರೆಗೆ ಧಕ್ಕೆಯಾದರೆ ಅದು ಹೊರಗೆ ಸೋರುತ್ತದೆ. ಪೆಟ್ರಿಲಿ ಮತ್ತು ಚೊಪ್ 2007ರಲ್ಲಿ ಅಳೆದು ನೋಡಿದಾಗ, ಪೊಟ್ಯಾಸಿಯಂ 90 ಮಿಲಿಮೋಲಾರಿಗಿಂತ ಕೆಳಗಿಳಿದರೆ ಇನ್‌ಫ್ಲಮಸೋಮ್ ತಾನಾಗಿ ಜೋಡಣೆಗೊಳ್ಳುತ್ತಿತ್ತು, ಮೇಲಿದ್ದರೆ ಇಲ್ಲ. ಐದು ವರ್ಷದ ಹಿಂದೆ ಕಡಿಮೆ ಉಪ್ಪಿನ ದ್ರವದಲ್ಲಿ ಕೋಶಗಳನ್ನು ಒಡೆದಾಗ ಪೊಟ್ಯಾಸಿಯಂ ನೀರಾಗಿ ಹೋಗಿತ್ತು. ಯಂತ್ರ ‘ತಾನಾಗಿಯೇ’ ಶುರುವಾಗಿದ್ದು ಅದಕ್ಕೇ. ಬೇರೆ ದ್ರವ ಬಳಸಿದ್ದರೆ ಆ ಶೋಧ ಕೈತಪ್ಪುತ್ತಿತ್ತೇನೋ. ಪ್ರಯೋಗಾಲಯದ ಅದೃಷ್ಟ ಎಂದರೆ ಹೀಗೆ, ಬಾಟಲಿಯ ಮೇಲಿನ ಚೀಟಿಯಲ್ಲಿ ಅಡಗಿರುತ್ತದೆ.

ಇನ್ನೊಂದು ಗುರುತು ಮೈಟೊಕಾಂಡ್ರಿಯ. ಕೋಶಕ್ಕೆ ಶಕ್ತಿ ಒದಗಿಸುವ ಈ ಅಂಗಕಗಳು ಹಳತಾದಾಗ, ಪೆಟ್ಟು ತಿಂದಾಗ ಚುರುಕು ಆಮ್ಲಜನಕದ ಕಣಗಳನ್ನು ಹೆಚ್ಚು ಹೆಚ್ಚಾಗಿ ಚೆಲ್ಲುತ್ತವೆ. ಸಾಮಾನ್ಯವಾಗಿ ಕೋಶ ಇಂಥ ಕೆಟ್ಟ ಮೈಟೊಕಾಂಡ್ರಿಯಗಳನ್ನು ತಾನೇ ತಿಂದು ತೆಗೆದುಹಾಕುತ್ತದೆ. ರೊಂಗ್‌ಬಿನ್ ಝೌ ಮತ್ತು ಚೊಪ್ ಈ ಶುಚಿಕಾರ್ಯವನ್ನು ತಡೆದಾಗ, ಕೆಟ್ಟವು ರಾಶಿಬಿದ್ದು ಎನ್‌ಎಲ್‌ಆರ್‌ಪಿ3 ಎಚ್ಚರಗೊಂಡಿತು. ವಿಶ್ರಾಂತಿಯಲ್ಲಿ ಬೇರೆಡೆ ಇರುವ ಆ ಪ್ರೋಟೀನು, ಕರೆ ಬಂದಾಗ ಮೈಟೊಕಾಂಡ್ರಿಯಗಳ ಪಕ್ಕಕ್ಕೆ ಸರಿಯುವುದನ್ನೂ ಅವರು ಕಂಡರು. ವಯಸ್ಸಾದಂತೆ ಮೈಟೊಕಾಂಡ್ರಿಯಗಳು ಸೊರಗುತ್ತವೆ. ಮುಪ್ಪಿನ ಜೊತೆ ಬರುವ ಸಣ್ಣಗಿನ, ನಿಲ್ಲದ ಉರಿಯೂತಕ್ಕೆ ಇಲ್ಲೊಂದು ವಿವರಣೆ ಸಿಗುವಂತಿತ್ತು. ಪ್ರಬಂಧ 2011ರ ಜನವರಿಯ ‘ನೇಚರ್’ನಲ್ಲಿ ಬಂತು. ಇದನ್ನು ಎಲ್ಲರೂ ಒಪ್ಪಲಿಲ್ಲ. ಪೊಟ್ಯಾಸಿಯಂ ಇಳಿದರೆ ಸಾಕು, ಮೈಟೊಕಾಂಡ್ರಿಯ ಬೇಕಿಲ್ಲ ಎನ್ನುವ ಪ್ರಯೋಗಗಳು 2013ರಲ್ಲಿ ಬಂದವು. 2018ರಲ್ಲಿ ಝಿಜಿಯನ್ ಚೆನ್ ಅವರ ಗುಂಪು ಕೋಶದೊಳಗಿನ ಗಾಲ್ಜಿ ಎಂಬ ಅಂಗಕದ ಪೊರೆ ಚೆದುರುವುದೇ ಗುರುತು ಎಂದಿತು. ಕೋಶದ ಸಂಕಟಕ್ಕೆ ಒಂದೇ ಮುಖವಿಲ್ಲ, ಆದ್ದರಿಂದ ಈ ಜಗಳ ಬೇಗ ಮುಗಿಯುವ ಲಕ್ಷಣವೂ ಇಲ್ಲ.

ಆ ಚರ್ಚೆಯಲ್ಲಿ ಚೊಪ್ ಪಾಲ್ಗೊಳ್ಳಲಾಗಲಿಲ್ಲ. ಪ್ರಬಂಧ ಪ್ರಕಟವಾದ ಎರಡು ತಿಂಗಳಿಗೆ, 2011ರ ಮಾರ್ಚ್ 22ರಂದು, ಅವರು ತಮ್ಮ ಪ್ರೀತಿಯ ಆಲ್ಪ್ಸ್ ಪರ್ವತಗಳಲ್ಲಿ ಇದ್ದಾಗ ತೀರಿಕೊಂಡರು. ಅದೇ ಮಾರ್ಚ್ 9ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಲೂಪಸ್ ಕಾಯಿಲೆಗೆ ಬೆಲಿಮುಮ್ಯಾಬ್ ಎಂಬ ಮದ್ದಿಗೆ ಒಪ್ಪಿಗೆ ಕೊಟ್ಟಿತ್ತು. ಅದು ಕಟ್ಟಿಹಾಕುವುದು ಬ್ಯಾಫ್ ಪ್ರೋಟೀನನ್ನು. ಚೊಪ್ ಅವರದೂ ಸೇರಿದಂತೆ ಹಲವು ಗುಂಪುಗಳು 1999ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದದ್ದು.

ಇಂಟರ್‌ಲ್ಯೂಕಿನ್ ಹೊರಬರುವ ದಾರಿಯ ಒಗಟು ಇನ್ನೂ ಬಾಕಿಯಿತ್ತು. ಅದು ಬಿಡಿಸಿಕೊಂಡದ್ದು 2015ರಲ್ಲಿ, ಬೀಜಿಂಗಿನ ಶಾವೊ ಫೆಂಗ್ ಮತ್ತು ಅಮೆರಿಕದಲ್ಲಿ ದೀಕ್ಷಿತ್ ಅವರ ಗುಂಪು ಪ್ರತ್ಯೇಕವಾಗಿ ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನಿಗೆ ಬಂದು ಮುಟ್ಟಿದಾಗ. ಕ್ಯಾಸ್ಪೇಸ್-1 ಇಂಟರ್‌ಲ್ಯೂಕಿನ್ನನ್ನಷ್ಟೇ ಅಲ್ಲ, ಇದನ್ನೂ ಕತ್ತರಿಸುತ್ತದೆ. ತುಂಡಾದ ಗ್ಯಾಸ್ಡರ್ಮಿನ್ನುಗಳು ಒಂದಕ್ಕೊಂದು ತೆಕ್ಕೆಬಿದ್ದು ಬಳೆಯಾಗುತ್ತವೆ, ಬಳೆ ಕೋಶದ ಪೊರೆಯಲ್ಲಿ ಹೂತುಕೊಂಡು ತೂತಾಗುತ್ತದೆ. ಪುಟ್ಟ ಇಂಟರ್‌ಲ್ಯೂಕಿನ್ ಆ ತೂತಿನಿಂದ ಹೊರಗೆ ಜಾರುತ್ತದೆ, ತೂತು ಹೆಚ್ಚಾದರೆ ಕೋಶವೇ ಒಡೆಯುತ್ತದೆ. ಸಿ9, ಪರ್ಫೊರಿನ್, ಗ್ಯಾಸ್ಡರ್ಮಿನ್: ಮೊದಲೆರಡರ ಮೇಲೆ ಯೌವನ ಕಳೆದ ಮನುಷ್ಯ ಮೂರನೆಯದರ ಬಾಗಿಲವರೆಗೆ ಬಂದು ಹೋಗಿದ್ದರು.

ಈಗ ಈ ವಿಷಯ ಹೃದಯದ ಕಡೆ ಹೊರಳಿದೆ. ರಕ್ತನಾಳದ ಗೋಡೆಯಲ್ಲಿ ಕಟ್ಟುವ ಕೊಲೆಸ್ಟರಾಲಿನ ಹರಳುಗಳೂ ಎನ್‌ಎಲ್‌ಆರ್‌ಪಿ3ಯನ್ನು ಎಬ್ಬಿಸುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಹಾಗಾದರೆ ಉರಿಯೂತ ತಗ್ಗಿಸಿದರೆ ಹೃದಯಾಘಾತ ತಗ್ಗಬೇಕಲ್ಲ? ಇಂಟರ್‌ಲ್ಯೂಕಿನ್-1 ಬೀಟಾವನ್ನು ಹಿಡಿಯುವ ಕನಕಿನುಮ್ಯಾಬ್ ಎಂಬ ಪ್ರತಿಕಾಯವನ್ನು ಹಿಂದೆ ಹೃದಯಾಘಾತ ಆಗಿದ್ದ 10,061 ಜನರಲ್ಲಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಕೊಟ್ಟರು. ಕೊಲೆಸ್ಟರಾಲ್ ಮಟ್ಟ ಕದಲಲಿಲ್ಲ, ಆದರೂ ಹೃದಯದ ಅವಘಡಗಳು ಸುಮಾರು 15 ಶೇಕಡ ಇಳಿದವು. ಜೊತೆಗೆ ಸೋಂಕಿನ ಸಾವುಗಳು ಸ್ವಲ್ಪ ಏರಿದವು. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳರಿಗೂ ಅನುಕೂಲವೇ. ಔಷಧವೋ ಕೈಗೆಟುಕದಷ್ಟು ದುಬಾರಿ. ಹೃದ್ರೋಗಕ್ಕೆ ಅದಕ್ಕೆ ಮಾನ್ಯತೆ ಸಿಗಲಿಲ್ಲ.

ಅಗ್ಗದ ಮಾರ್ಗವಾಗಿ ಎಲ್ಲರೂ ತಿರುಗಿ ನೋಡಿದ್ದು ಕಾಲ್ಚಿಸಿನ್ ಕಡೆಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಬೇಲಿಗಳ ಮೇಲೆ ಕೆಂಪು ಹಳದಿ ಎಸಳು ಬಿಚ್ಚುವ ಗೌರಿ ಹೂವಿನ ಬಳ್ಳಿಯಲ್ಲಿ ಇದೇ ವಸ್ತುವಿದೆ. ತಮಿಳುನಾಡಿನ ರೈತರು ಅದನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಗೆಡ್ಡೆ ತಿಂದರೆ ಸಾವು, ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ. ಸ್ಥಿರವಾದ ಹೃದ್ರೋಗ ಇರುವ 5,522 ಮಂದಿಗೆ ದಿನಕ್ಕೆ ಬರೀ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದ 2020ರ ಅಧ್ಯಯನದಲ್ಲಿ ಅವಘಡಗಳು 31 ಶೇಕಡ ಕಡಿಮೆಯಾದವು. 2023ರಲ್ಲಿ ಅಮೆರಿಕ ಆ ಪ್ರಮಾಣದ ಗುಳಿಗೆಗೆ ಹೃದಯದ ರಕ್ಷಣೆಗೆಂದು ಒಪ್ಪಿಗೆ ಕೊಟ್ಟಿತು. ಆದರೆ ಹೃದಯಾಘಾತ ಆದ ಕೂಡಲೇ ಗುಳಿಗೆ ಶುರುಮಾಡಿ ಸುಮಾರು ಏಳು ಸಾವಿರ ಜನರನ್ನು ಹಿಂಬಾಲಿಸಿದ ಇನ್ನೊಂದು ದೊಡ್ಡ ಅಧ್ಯಯನ 2024ರಲ್ಲಿ ಹೊರಬಂದಾಗ, ಕಾಲ್ಚಿಸಿನ್ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ರೋಗಿಗಳು ಬೇರೆ, ಗುಳಿಗೆ ಕೊಟ್ಟ ಹೊತ್ತು ಬೇರೆ ಎಂದು ಒಂದು ಪಕ್ಷ; ಮೊದಲಿನ ಫಲಿತಾಂಶವೇ ಉಬ್ಬಿಸಿದ್ದು ಎಂದು ಇನ್ನೊಂದು. ಎನ್‌ಎಲ್‌ಆರ್‌ಪಿ3ಯನ್ನೇ ನೇರವಾಗಿ ತಡೆಯುವ ಗುಳಿಗೆಗಳನ್ನು ಈ ನಡುವೆ ಹಲವು ಕಂಪನಿಗಳು ಮನುಷ್ಯರಲ್ಲಿ ಪರೀಕ್ಷಿಸುತ್ತಿವೆ.